ಮಂಗಳನ ಮೇಲೆ ಹಸಿರು ಬಳೆ

ಹಸಿರು ಪರದೆಯ ಮುಂದೆ ನಿಲ್ಲುವವರು ಹಸಿರು ತೊಡಬಾರದು. ಸಿನಿಮಾದಲ್ಲಿ ಕಂಪ್ಯೂಟರ್ ಕರಾಮತ್ತು ಮಾಡುವುದನ್ನು ಕಲಿಸುವ ಯಾವ ವಿಡಿಯೋ ತೆರೆದರೂ ಮೊದಲ ಎರಡು ನಿಮಿಷದಲ್ಲಿ ಈ ಮಾತು ಬರುತ್ತದೆ. ಹಸಿರು ಅಂಗಿ ಬೇಡ, ಹಸಿರು ಟೋಪಿ ಬೇಡ, ಹಸಿರು ಟೈ ಅಂತೂ ಬೇಡವೇ ಬೇಡ. ಟೈ ಅಂತೆ ಟೈ! ಆ ಮಾತು ಹೇಳಿದ ಪುಣ್ಯಾತ್ಮರಲ್ಲಿ ಒಬ್ಬರೂ ನಮ್ಮ ಶೇಡಬಾಳದ ಅಡುಗೆಮನೆಗೆ ಬಂದವರಲ್ಲ. ಬಂದಿದ್ದರೆ ಪಟ್ಟಿಗೆ ಇನ್ನೊಂದು ವಸ್ತು ಸೇರಿಸುತ್ತಿದ್ದರು, ನಾನು ಅಷ್ಟು ಜನರಿಂದ ಬೈಸಿಕೊಳ್ಳುವುದು ತಪ್ಪುತ್ತಿತ್ತು.

ಇರಲಿ. ನಮ್ಮ ಸಿನಿಮಾದಲ್ಲಿ ತಪ್ಪುಗಳು ಬೇಕಾದಷ್ಟಿದ್ದವು, ಒಂದೊಂದಾಗಿ ನಾನೇ ಹೇಳುತ್ತೇನೆ. ಆದರೆ ಬಳೆ ತಪ್ಪಲ್ಲ. ಅದಕ್ಕಾಗಿ ಅಂಕ ಕಡಿದವರು ಕಡಿದುಕೊಳ್ಳಲಿ, ನಾನು ಇವತ್ತಿಗೂ ಆ ಮಾತು ಒಪ್ಪುವವಳಲ್ಲ.

ನಾನು ಆಗ ಅಥಣಿಯ ಒಂದು ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೆ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು. ಎಲ್ಲರೂ ಮಾಡುವುದು ಗೊತ್ತಿದ್ದದ್ದೇ: ಗ್ರಂಥಾಲಯದ ಸಾಫ್ಟ್‌ವೇರ್, ಆಸ್ಪತ್ರೆಯ ಸಾಫ್ಟ್‌ವೇರ್. ಹಿಂದಿನ ವರ್ಷದವರದ್ದನ್ನೇ ತಂದು ಬಣ್ಣ ಬದಲಿಸಿ ಕೊಡುವುದು. ನಾನೂ ನನ್ನ ರಾಯಬಾಗದ ಗೆಳತಿಯೂ ಹತ್ತು ನಿಮಿಷದ ಸಿನಿಮಾ ಮಾಡುತ್ತೇವೆ, ಅದರಲ್ಲಿ ಮಂಗಳ ಗ್ರಹ ತೋರಿಸುತ್ತೇವೆ ಎಂದು ಬರೆದುಕೊಟ್ಟೆವು. ಪ್ರಾಜೆಕ್ಟ್ ನೋಡಿಕೊಳ್ಳುವ ಸರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮಂಗಳ ಎಲ್ಲಿ ತೋರಸ್ತೀರಿ? ಕಾಗವಾಡದಾಗೋ, ಶಿರಗುಪ್ಪಿಯಾಗೋ?"

"ಶೇಡಬಾಳದಾಗ್ರಿ ಸರ್. ನಮ್ಮ ಮಣೂಕದ ಶೆಡ್ಡಿನ್ಯಾಗ."

ಒಣದ್ರಾಕ್ಷಿಯ ಶೆಡ್ಡಿನಲ್ಲಿ ಮಂಗಳ ಎಂದ ಕೂಡಲೇ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನನ್ನದೊಂದು ಕೆಟ್ಟ ಗುಣವಿದೆ. ಯಾರಾದರೂ ನಕ್ಕರೆ ಆ ಕೆಲಸ ಬಿಡಲು ನನ್ನಿಂದಾಗುವುದಿಲ್ಲ. ಅವತ್ತು ಅವರು ನಗದೆ ಸುಮ್ಮನಿದ್ದಿದ್ದರೆ ನಾನು ಕೂಡ ಗ್ರಂಥಾಲಯದ ಸಾಫ್ಟ್‌ವೇರ್ ಮಾಡಿ ಮುಗಿಸುತ್ತಿದ್ದೆನೋ ಏನೋ.

ಕಥೆ ಸರಳವಾದದ್ದು. ಮಂಗಳನ ಮೇಲೆ ಒಬ್ಬಳೇ ಇರುವ ವಿಜ್ಞಾನಿ. ಗಾಳಿ ತುಂಬಿದ ಒಂದು ಕೋಣೆಯಲ್ಲಿ ಬೀಜ ಹಾಕಿ ಕಾಯುತ್ತಾಳೆ. ಎಷ್ಟು ದಿನವಾದರೂ ಏನೂ ಹುಟ್ಟುವುದಿಲ್ಲ. ಕೊನೆಗೊಮ್ಮೆ ಒಂದು ಮೊಳಕೆ ಬರುತ್ತದೆ. ಅವಳು ಕೈಗವಸು ಬಿಚ್ಚಿ, ತನ್ನ ಕೈಯಿಂದ ಅದನ್ನು ಮುಟ್ಟುತ್ತಾಳೆ. ಇಡೀ ಸಿನಿಮಾ ಇದ್ದದ್ದೇ ಆ ಕೈಗಾಗಿ.

ವಿಜ್ಞಾನಿಯಾಗಲು ಮೊದಲು ಗೆಳತಿಯನ್ನೇ ನಿಲ್ಲಿಸಿದೆ. ಅವಳು ಸಸಿಯನ್ನು ಮೊಬೈಲ್ ಹಿಡಿದಂತೆ ಹಿಡಿದಳು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಲ್ಲೇ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ತಲೆ ಎತ್ತದೆಯೇ ಅಂದರು:

"ಹಂಗ ಹಿಡೀಬ್ಯಾಡವಾ, ಬೇರ ಹರೀತೈತಿ. ಮತ್ತ ಮಂಗಳದ ಮಣ್ಣಾಗ ಸುಮ್ಮನ ಬೀಜ ಹಾಕಿದ್ರ ಬರಂಗಿಲ್ಲ. ಅಲ್ಲಿ ಮಣ್ಣಾಗ ವಿಷದ ಉಪ್ಪ ಐತಿ. ಮೊದಲ ನೀರ ಹಾಕಿ ತೊಳೀಬೇಕ."

"ನಿಮಗ ಹೆಂಗ ಗೊತ್ತರಿ ವೈನಿ?"

"ಓದೇನಿ," ಎಂದು ಹೇಳಿ ಮತ್ತೆ ಜೋಳ ಕೇರತೊಡಗಿದರು.

ವೈನಿ ಬಿಎಸ್ಸಿ ಕಲಿತವರು ಎಂಬುದು ನಮ್ಮ ಮನೆಗೆ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನ ಮೇಲೆ ಯಾವ ಚಿತ್ರವಿದೆ ಎಂಬುದು ಗೊತ್ತಿರುತ್ತದಲ್ಲ, ಅಷ್ಟು ಗೊತ್ತಿತ್ತು. ನೀವೇ ವಿಜ್ಞಾನಿ ಆಗ್ರಿ ಎಂದು ನಾನು ಗಂಟುಬಿದ್ದೆ. ಒಲ್ಲೆ, ಜನ ಏನಂದಾರು, ಅತ್ತಿ ಏನಂದಾರು ಎಂದೆಲ್ಲ ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ಆಕಿ ಕಡೀಕ ಸಾಯಂಗಿಲ್ಲಲ್ಲ?"

"ಇಲ್ರಿ."

"ಅಳಾಕೂ ಹಚ್ಚಬ್ಯಾಡ ಮತ್ತ. ವಿಜ್ಞಾನಿ ಅಂದ್ರ ವಿಜ್ಞಾನಿ ಇರಬೇಕ."

ಆ ಸಂಜೆ ಹಿತ್ತಲಲ್ಲಿ ನಿಂತು ತವರಿಗೆ ಫೋನ್ ಮಾಡಿ, "ನಾ ಸಿನೆಮಾದಾಗ ವಿಜ್ಞಾನಿ ಆಗಾಕತ್ತೇನಿ," ಎಂದು ಹೇಳಿ ನಕ್ಕದ್ದು ನನಗೆ ಕೇಳಿಸಿತು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಈ ಪಾತ್ರ ಅವರಿಗೆ ನನಗಿಂತ ಹೆಚ್ಚು ಬೇಕಾಗಿದೆ ಎಂದು ಅವತ್ತೇ ತಿಳಿಯಿತು.

ಈಗ ತಪ್ಪುಗಳ ವಿಷಯ. ಮೊದಲನೆಯದು ನನ್ನದೇ. ಕರಾಮತ್ತಿನ ಗುಟ್ಟು ಇಷ್ಟು: ಮನುಷ್ಯರ ಹಿಂದೆ ಹಸಿರು ಬಟ್ಟೆ ಕಟ್ಟಿ ಚಿತ್ರ ತೆಗೆಯಬೇಕು. ಆಮೇಲೆ ಕಂಪ್ಯೂಟರಿಗೆ, ಈ ಹಸಿರೆಲ್ಲ ತೆಗೆದುಬಿಡು ಎಂದರೆ ಅದು ತೆಗೆದು, ಖಾಲಿಯಾದ ಜಾಗದಲ್ಲಿ ನಾವು ಕೊಟ್ಟ ಚಿತ್ರ ಕೂಡಿಸುತ್ತದೆ. ಇದನ್ನು ಕೇಳಿದ ಕೂಡಲೇ ನಾನು ಅಂದುಕೊಂಡೆ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೆಯಬೇಕು? ಹಿಂದೆ ಮುಂದೆ ಎಲ್ಲಿ ನೋಡಿದರೂ ಕಬ್ಬು. ಇಷ್ಟು ದೊಡ್ಡ ಹಸಿರು ಪರದೆ ಯಾವ ಸ್ಟುಡಿಯೋದವರ ಹತ್ತಿರ ಇದೆ? ವೈನಿಯನ್ನು ಕಬ್ಬಿನ ಮುಂದೆ ನಿಲ್ಲಿಸಿ ಎರಡು ಭಾನುವಾರ ಚಿತ್ರ ತೆಗೆದೆವು. ಕಂಪ್ಯೂಟರಿಗೆ ಹಾಕಿದರೆ, ದೇವರೇ! ಒಂದು ಎಲೆ ಹಸಿರು, ಒಂದು ಹಳದಿ, ಒಂದು ಒಣಗಿದ್ದು, ಎಲ್ಲ ಗಾಳಿಗೆ ಅಲ್ಲಾಡುತ್ತಿವೆ. ಮಂಗಳ ಗ್ರಹದ ತುಂಬ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಹಾರಾಡುತ್ತಿತ್ತು. ಹಸಿರು ಅಂದರೆ ಒಂದು ಬಣ್ಣ ಅಂತ ನಂಬಿದ್ದೆನಲ್ಲ, ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿ! ನಾಚಿಕೆಯಾಯಿತು.

ಹಾಗಾಗಿ ಬಟ್ಟೆ ತರಬೇಕಾಯಿತು. ಬೇಡಕಿಹಾಳದ ಮಾವಶಿ, ಅಂದರೆ ಅವ್ವನ ತಂಗಿ, ನನ್ನನ್ನು ನಿಪ್ಪಾಣಿಯ ಅಂಗಡಿಗೆ ಕರೆದುಕೊಂಡು ಹೋದಳು. ಹದಿನೈದು ಮೀಟರ್ ಹಸಿರು ಬಟ್ಟೆ ಎಂದ ಕೂಡಲೇ ಅಂಗಡಿಯವರ ಮುಖ ಅರಳಿತು. "ಯಾರದ್ರಿ ಕುಬಸ?" ಎಂದು ಕೇಳಿದರು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಇಡುವ ಕಾರ್ಯಕ್ಕೆ ಬಂದಿದ್ದೇವೆಂದು ಅವರ ಲೆಕ್ಕ. ಜರಿ ಅಂಚಿನದು ತೋರಿಸುತ್ತೇನೆ ಎಂದರು, ಕುಪ್ಪಸಕ್ಕೆ ಕಣ ಹೊಂದುತ್ತದೆ ಎಂದರು. ಇಲ್ರಿ, ಮಂಗಳ ಗ್ರಹಕ್ಕೆ ಎಂದೆ. ಮಾವಶಿ ನನ್ನ ತೋಳು ಚಿವುಟಿ, "ಹುಡಗೀಗೆ ಕಾಲೇಜ ನೆತ್ತಿಗೇರೇತಿ, ನೀವ ಕೊಡ್ರಿ," ಅಂದಳು.

ಉಳಿದದ್ದೆಲ್ಲ ಮನೆಯಲ್ಲೇ ಸಿಕ್ಕಿತು. ದ್ರಾಕ್ಷಿಗೆ ಔಷಧ ಹೊಡೆಯುವಾಗ ಹಾಕಿಕೊಳ್ಳುವ ಬಿಳಿ ಅಂಗಿಯೇ ಗಗನಯಾತ್ರಿಯ ಉಡುಪು. ಟ್ರ್ಯಾಕ್ಟರಿನ ಹಿಂದೆ ಹಚ್ಚುವ ಔಷಧದ ಬ್ಲೋವರಿನ ದೊಡ್ಡ ಫ್ಯಾನನ್ನು ಹತ್ತಿರದಿಂದ ತೆಗೆದರೆ ರಾಕೆಟ್ಟಿನ ಎಂಜಿನ್. ರಾಯಬಾಗದ ಕಡೆ ಗರಸು, ಅಂದರೆ ಕೆಂಪು ಜಲ್ಲಿಮಣ್ಣು, ಅಗೆದ ಒಂದು ಖಣಿಯ ಫೋಟೋ ಗೆಳತಿ ತೆಗೆದು ತಂದಳು, ಕೆಂಪು ಸ್ವಲ್ಪ ಏರಿಸಿದೆವು, ಅದೇ ಮಂಗಳ. ಮಣೂಕದ ಶೆಡ್ಡು ಅಂದರೆ ದ್ರಾಕ್ಷಿ ಒಣಗಿಸುವ ಜಾಗ, ಹಂಗಾಮು ಬರುವವರೆಗೆ ಖಾಲಿ. ಅದರ ನಾಲ್ಕೂ ಕಡೆ ಹಸಿರು ಬಲೆ ಇರುವುದರಿಂದ ಬಿಸಿಲು ಒಳಗೆ ಬಂದರೆ ವೈನಿಯ ಬಿಳಿ ಉಡುಪು ಪೂರ್ತಿ ಹಸಿರಾಗುತ್ತಿತ್ತು. ಮನೆಯ ಜಮಖಾನಗಳನ್ನೆಲ್ಲ ತಂದು ಬಲೆಗೆ ಕಟ್ಟಿದೆವು. ಸಂಜೆ ಐದೂವರೆಗೆ ಅವ್ವ ಊಟಕ್ಕೆ ಕೂಗುತ್ತಿದ್ದಳು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಂಗಳನ ಮೇಲೂ ಅವತ್ತಿನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಇನ್ನು ಆ ಮೊಳಕೆ. ಮೊಳಕೆ ಹಸಿರಲ್ಲವೇ, ಬಟ್ಟೆಯ ಜೊತೆ ಅದೂ ಮಾಯವಾಗುತ್ತದಲ್ಲ ಎಂದು ನನಗೆ ಹೊಳೆಯಿತು. ಆ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ವೈನಿ ಉಪಾಯ ಹೇಳಿದರು: "ಕೆಂಪ ರಾಜಗಿರಿ ಹಾಕೂಣು. ಅದರ ಸಸಿ ಹುಟ್ಟೂದ ಕೆಂಪ." ಹಿತ್ತಲಲ್ಲಿ ಹಾಕಿದರು, ಎಂಟು ದಿನಕ್ಕೆ ಬಂತು, ನೆತ್ತರಿನಂಥ ಕೆಂಪು.

ಕೈಯ ದೃಶ್ಯವನ್ನು ಒಂದೇ ಸಲಕ್ಕೆ ತೆಗೆದೆವು. ವೈನಿ ಒಂದೊಂದೇ ಬೆರಳಿನಿಂದ ಕೈಗವಸು ಸಡಿಲಿಸಿ ಬಿಚ್ಚಿದರು. ಎರಡೂ ಕೈಗಳನ್ನು ಗರಸಿನ ಮಣ್ಣಿನ ಮೇಲೆ ಊರಿ, ಬಗ್ಗಿ, ತೋರುಬೆರಳ ತುದಿಯಿಂದ ಆ ಎಲೆಯನ್ನು ಕೆಳಗಿನಿಂದ ಎತ್ತಿ ನೋಡಿದರು. ಮುದ್ದು ಮಾಡಲಿಲ್ಲ, ಅಳಲಿಲ್ಲ. ಪರೀಕ್ಷೆ ಮಾಡಿದರು. ಗೆಳತಿ ಕ್ಯಾಮೆರಾದ ಹಿಂದೆ ಮೂಗು ಒರೆಸಿಕೊಳ್ಳುತ್ತಿದ್ದಳು. ನಲವತ್ತು ಸೆಕೆಂಡು. ನನಗೆ ಅಷ್ಟು ಸಂತೋಷ ಆ ಪ್ರಾಜೆಕ್ಟಿನಲ್ಲಿ ಮತ್ತೆ ಆಗಲಿಲ್ಲ.

ಮರುದಿನ ಕಂಪ್ಯೂಟರಿಗೆ ಹೇಳಿದೆ, ಹಸಿರು ತೆಗೆ. ತೆಗೆಯಿತು. ಬಟ್ಟೆ ಹೋಯಿತು, ಅದರ ಜಾಗದಲ್ಲಿ ಕೆಂಪು ಬೆಟ್ಟ ಬಂತು. ವೈನಿ ಕೈಗವಸು ಬಿಚ್ಚಿದರು. ಮುಂಗೈ ಇರಲಿಲ್ಲ! ತೋಳು ಒಂದು ಕಡೆ, ಅಂಗೈ ಒಂದು ಕಡೆ, ನಡುವೆ ಮಂಗಳನ ಮಣ್ಣು. ಎರಡೂ ಕೈ ಕತ್ತರಿಸಿ ಇಟ್ಟಂತೆ ತೇಲುತ್ತಿದ್ದವು. ಗೆಳತಿ ಹೋ ಎಂದು ಕೂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ನನಗೆ ಕಾರಣ ಹೊಳೆಯಲು ಐದು ನಿಮಿಷ ಬೇಕಾಯಿತು. ಬಳೆ. ಎಡಗೈಯಲ್ಲಿ ಆರು, ಬಲಗೈಯಲ್ಲಿ ಏಳು, ಹಸಿರು ಗಾಜಿನ ಬಳೆ.

ಸಸಿಯ ಹಸಿರು ನೆನಪಾಗಿತ್ತು, ಬಲೆಯ ಹಸಿರು ನೆನಪಾಗಿತ್ತು. ಬಳೆ ನನಗೂ ಕಾಣಲಿಲ್ಲ, ಗೆಳತಿಗೂ ಕಾಣಲಿಲ್ಲ, ಸ್ವತಃ ವೈನಿಗೂ ಕಾಣಲಿಲ್ಲ. ನಮ್ಮಲ್ಲಿ ಮದುವೆಯಾದವಳ ಕೈ ಅಂದರೆ ಹಸಿರು ಬಳೆಯ ಕೈಯೇ. ಮೊದಲು ಕೈ, ಆಮೇಲೆ ಅದರಲ್ಲಿ ಬಳೆ ಎಂದು ನಾವು ಬೇರೆ ಬೇರೆ ಮಾಡಿ ನೋಡಿದವರೇ ಅಲ್ಲ. ಹೊರಗಿನವರು ಯಾರಿದ್ದರೂ ಮೊದಲ ನೋಟಕ್ಕೇ ಹಿಡಿಯುತ್ತಿದ್ದರು.

ಅದರ ಮೇಲೆ ನಾನು ಇನ್ನೊಂದು ಹುಚ್ಚು ಕೆಲಸ ಮಾಡಿದೆ. ತೇಲುವ ಕೈಯ ಆ ತುಣುಕು ತಮಾಷೆಯಾಗಿದೆ ಎಂದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದೆ. ಬೇಡಕಿಹಾಳದ ಮಾವಶಿ ನೋಡಿದಳು. ಅರ್ಧ ಗಂಟೆಯಲ್ಲಿ ಅವ್ವನಿಗೆ ಫೋನ್ ಬಂತು. ನಾನು ಅಥಣಿಯಿಂದ ಮನೆಗೆ ಬರುವಷ್ಟರಲ್ಲಿ ಅವ್ವ ಪಡಸಾಲೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದಳು.

"ನನ್ನ ಮಗ ಗಟ್ಟಿಮುಟ್ಟ ಅದಾನ. ಅವನ ಹೇಣತಿ ಕೈಯಾಗ ಬಳಿ ಇಲ್ಲ, ಕೈ ಕಡದ ಒಗದಂಗ ಐತಿ, ಅದನ್ನ ಊರ ಮಂದಿಗೆ ತೋರಸ್ತಿ? ನಿನಗ ಮನಸರ ಹೆಂಗ ಬಂತ?"

"ಯವ್ವಾ, ಬಳಿ ಅಕಿ ಕೈಯಾಗ ಅದಾವ. ಕಂಪ್ಯೂಟರ್ ತಗದೈತಿ."

"ಯಾರರ ತಗೀಲಿ! ಅಕಿ ಇನ್ನ ಆ ಶೆಡ್ಡಿಗೆ ಕಾಲ ಇಡೂದಿಲ್ಲ. ನಿನ್ನ ಸಿನೆಮಾದಾಗೂ ಇರೂದಿಲ್ಲ. ಎಲ್ಲಾ ಅಳಸಿ ಒಗಿ."

ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಆ ಸಪ್ಪಳ ಎಂದಿಗಿಂತ ಜೋರಾಗಿತ್ತು.

ಮರುದಿನ ಸರ್‌ಗೆ ತೋರಿಸಿದೆ. ಒಪ್ಪಿಸಲು ಹತ್ತು ದಿನ ಉಳಿದಿತ್ತು. ಸರ್ ನೋಡಿ ನಕ್ಕರು. "ಇಷ್ಟ ಐತಲ್ಲ! ಬಳಿ ತಗದ ಇನ್ನೊಮ್ಮೆ ತಗೀರಿ. ಹೆಂಗೂ ವಿಜ್ಞಾನಿ ಎಲ್ಲಿ ಬಳಿ ಹಾಕ್ಕೊಂತಾಳ? ಮನ್ಯಾಗ ಒಪ್ಪಲಿಲ್ಲಂದ್ರ ಫಸ್ಟ್ ಇಯರ್ ಹುಡಗೀನ ಒಬ್ಬಾಕೀನ ನಿಲ್ಲಸ್ರಿ."

ನನಗೂ ಅದೇ ಸರಿ ಎನಿಸಿತು. ಸುಳ್ಳು ಯಾಕೆ ಹೇಳಲಿ. ನಾನು ಕಲಿತ ಹುಡುಗಿ, ಬಳೆ ತೆಗೆದರೆ ಗಂಡನಿಗೆ ಕೇಡು ಎಂಬುದನ್ನೆಲ್ಲ ನಂಬುವವಳಲ್ಲ, ಅವ್ವನಿಗೆ ಬುದ್ಧಿ ಕಲಿಸುತ್ತೇನೆ ಎಂಬ ಉರಿ ಬೇರೆ. ಮನೆಗೆ ಬಂದವಳೇ ವೈನಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. "ವೈನಿ, ಅವ್ವ ಬಸದಿಗೆ ಹೋದಾಗ ಹತ್ತ ನಿಮಿಷದ ಕೆಲಸ ಐತ್ರಿ. ಬಳಿ ತಗೀರಿ, ಶೆಡ್ಡಿಗೆ ಬರ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ವೈನಿ ನನ್ನನ್ನು ನೋಡಿದ ಆ ನೋಟ ನನಗೆ ಈಗಲೂ ಚುಚ್ಚುತ್ತದೆ.

"ನಿಮ್ಮವ್ವ ಸಿನೆಮಾ ಬಿಡ ಅಂತಾಳ. ನೀ ಬಳಿ ಬಿಡ ಅಂತಿ. ಇಬ್ಬರೂ ನನಗ ಬಿಡಾಕನ ಹೇಳ್ತೀರಿ. ಮದುವಿ ಆಗಿ ಎಂಟ ದಿನಕ್ಕ ನಂದ ಕಡೀ ಪ್ರಾಕ್ಟಿಕಲ್ ಪರೀಕ್ಷಾ ಇತ್ತ, ಗೊತ್ತೈತೇನ ನಿನಗ? ಮೊಣಕೈ ಮಟ ಹಸರ ಬಳಿ ಇದ್ದೂವು. ಅವನ್ನ ಹಾಕ್ಕೊಂಡ ಕಾಂಡ ಕೊಯ್ದೆ, ಅವನ್ನ ಹಾಕ್ಕೊಂಡ ಮೈಕ್ರೋಸ್ಕೋಪಿನ್ಯಾಗ ನೋಡಿದೆ. ಮೈಕ್ರೋಸ್ಕೋಪ ಬ್ಯಾಡ ಅನಲಿಲ್ಲ. ನಿನ್ನ ಕಂಪ್ಯೂಟರ್ ಯಾಕ ಬ್ಯಾಡ ಅಂತೈತಿ?"

"ಅದಕ್ಕ ಹಸರ ಅಂದ್ರ ಎಲ್ಲಾ ಒಂದ್ರಿ. ಹಿಂದಿನ ಪರದೆ ಅರಬೀನೂ ಹಸರ, ಬಳೀನೂ ಹಸರ."

"ಹಸರ ಅರಬಿ ಕಟ್ಟಿದಾಕಿ ಯಾರ?"

"ನಾನ."

"ಕುಣೀಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ. ನೀ ಕಟ್ಟಿದ ಅರಬಿ ಬದಲ ಮಾಡಾಕ ಬರಂಗಿಲ್ಲ, ನನ್ನ ಕೈ ಬದಲ ಮಾಡಾಕ ಬಂದಿ! ಹಸರ ಅರಬೀನ ಆಗಬೇಕಂತ ಯಾವ ಪುಸ್ತಕದಾಗ ಬರದೈತಿ?"

ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನೀಲಿಯೂ ನಡೆಯುತ್ತದೆ ಎಂದು ಅದೇ ವಿಡಿಯೋದವರು ಹೇಳಿದ್ದರು. ನಾನು ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಮೂರನೇ ಸೆಮಿಸ್ಟರಿನಿಂದ ಬಣ್ಣಗಳ ಪಾಠ ಓದಿದವಳು ನಾನು. ಹಿತ್ತಲಲ್ಲಿ ನಿಂತು, ಕೈಗೆ ಹಿಟ್ಟು ಮೆತ್ತಿಕೊಂಡ ವೈನಿಯಿಂದ ಕಲಿತೆ: ಮನುಷ್ಯರು ಪರದೆಗೆ ಹೊಂದಿಕೊಳ್ಳುವುದಲ್ಲ, ಪರದೆ ಮನುಷ್ಯರಿಗೆ ಹೊಂದಿಕೊಳ್ಳಬೇಕು. ನನಗೆ ಯಾವ ಸರ್ ಕೂಡ ಇಷ್ಟು ಚೊಕ್ಕ ಪಾಠ ಹೇಳಿಕೊಟ್ಟಿಲ್ಲ.

ಅವ್ವನ ಹತ್ತಿರ ನನ್ನನ್ನು ಹೋಗಗೊಡಲಿಲ್ಲ. ವೈನಿಯೇ ಹೋದರು.

"ಅತ್ತಿ, ಆ ಚಿತ್ರ ಅಳಸಿ ಒಗೀತೀವ್ರಿ. ಇನ್ನೊಮ್ಮೆ ತಗೀತೀವಿ, ಬಳಿ ಕಾಣೂ ಹಂಗ. ನೀವ ಬಂದ ಮುಂದ ಕುಂದರ್ರಿ. ಒಂದ ಬಳಿ ಕಡಿಮಿ ಕಂಡ್ರ ನಾನ ಬಿಟ್ಟ ಬರ್ತೀನಿ."

"ನೀ ಬಿಡಂಗಿಲ್ಲನ?" ಎಂದಳು ಅವ್ವ.

"ಬಿಡಂಗಿಲ್ರಿ."

ಮೂರು ವರ್ಷದಲ್ಲಿ ವೈನಿ ಅತ್ತೆಗೆ ಎದುರಾಡಿದ್ದು ಅದೇ ಮೊದಲು, ಅದೂ 'ರಿ' ಹಚ್ಚಿ. ಅವ್ವ "ನಡೀರಿ, ನೋಡೇ ಬಿಡ್ತೀನಿ," ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ನೀಲಿ ಬಟ್ಟೆಗೆ ಮತ್ತೆ ನಿಪ್ಪಾಣಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಮಣೂಕ ಮುಚ್ಚುವ ನೀಲಿ ತಾಡಪತ್ರಿ ಶೆಡ್ಡಿನಲ್ಲೇ ಇತ್ತು. ಅದನ್ನೇ ತೊಳೆದು ಕಟ್ಟಿದೆವು. ಅದು ಮಿಂಚುತ್ತಿತ್ತು, ದೀಪ ಬಿದ್ದಲ್ಲೆಲ್ಲ ಬಿಳಿ ಕಲೆ. ಅಪ್ಪನ ಹಳೆಯ ಧೋತರ ಹರಿದು ದೀಪಗಳ ಮುಂದೆ ಇಳಿಬಿಟ್ಟೆವು, ಬೆಳಕು ಮೆತ್ತಗಾಯಿತು. ವೈನಿಯನ್ನು ತಾಡಪತ್ರಿಯಿಂದ ನಾಲ್ಕು ಹೆಜ್ಜೆ ಮುಂದೆ ಕೂರಿಸಿದೆವು. ಅವ್ವ ದ್ರಾಕ್ಷಿಯ ಒಂದು ಕ್ರೇಟ್ ಬೋರಲು ಹಾಕಿಕೊಂಡು ಕ್ಯಾಮೆರಾದ ಪಕ್ಕದಲ್ಲೇ ಕುಳಿತಳು. ಈ ಸಲ ಕೈಗವಸು ಬಿಚ್ಚಿದಾಗ ಬಳೆಗಳು ಒಂದಕ್ಕೊಂದು ತಾಕಿ ಸಪ್ಪಳ ಮಾಡಿದ್ದನ್ನು ಗೆಳತಿ ಬೇರೆ ಮೈಕಿನಲ್ಲಿ ಹಿಡಿದಳು.

ಕಂಪ್ಯೂಟರಿನಲ್ಲಿ ನೀಲಿ ತೆಗೆದರೆ ಬಳೆಗಳು ಉಳಿದವು, ಪೂರ್ತಿ ಅಲ್ಲ. ಗಾಜಿನ ಮೇಲೆ ತಾಡಪತ್ರಿಯ ನೀಲಿ ಬಿದ್ದಲ್ಲಿ ಅಲ್ಲೊಂದು ಇಲ್ಲೊಂದು ತೂತು. ನನಗೆ ಅದು ಕಾಣಲೇ ಇಲ್ಲ, ಆಯಿತು ಎಂದು ಕೈ ತೊಳೆದುಕೊಂಡಿದ್ದೆ. ಅವ್ವ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕುಳಿತು, "ನಿಂದರಸ. ಬಲಗೈಯಾನ ಏಳನೇದ ಎಲ್ಲಿ?" ಅಂದಳು. ಎಣಿಸಿದರೆ ಹೌದು, ಆರೇ. ಆ ತೂತನ್ನು ಕೈಯಿಂದ ಗೆರೆ ಎಳೆದು ಮುಚ್ಚಿದೆ. "ಮುಂದ ನಡೀಲಿ. ನಿಂದರಸ. ಇಲ್ಲಿ ಅರ್ಧ ಬಳಿ ಐತಿ." ನಲವತ್ತು ಸೆಕೆಂಡಿಗೆ ಸಾವಿರ ಚಿತ್ರ, ಆರು ದಿನ ಹಿಡಿಯಿತು. ಜೀವಮಾನವಿಡೀ ಮಣೂಕದಲ್ಲಿ ಕಡ್ಡಿ ಆರಿಸಿದ ಕಣ್ಣು ಅದು, ಒಂದೂ ತಪ್ಪಲಿಲ್ಲ. ನಡುವೆ ಒಮ್ಮೆ, "ಅಕಿ ಎಲಿ ಹಿಂಗ ತಿರಿವಿ ಯಾಕ ನೋಡ್ತಾಳ?" ಎಂದು ಕೇಳಿದಳು. ವೈನಿ ಹಿಂದಿನಿಂದ, "ಎಲಿ ಉಸರಾಡೂ ತೂತ ಕೆಳಗ ಇರ್ತಾವ್ರಿ ಅತ್ತಿ," ಅಂದರು. ಅವ್ವ ಹೂಂ ಅಂದು ಮತ್ತೆ ಬಳೆ ಎಣಿಸಿದಳು.

ಮೌಖಿಕ ಪರೀಕ್ಷೆಯ ದಿನ ಪಾತ್ರಧಾರಿಯನ್ನೂ ಕರೆತನ್ನಿ ಎಂದು ಸರ್ ಹೇಳಿದ್ದರು. ಸೊಸೆಯೊಬ್ಬಳನ್ನೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಅವ್ವನೂ ಹೊರಟಳು. ಒಳಗೆ ಹೋಗುವ ಮೊದಲು ಸರ್ ನನ್ನನ್ನು ಬದಿಗೆ ಕರೆದರು. "ಬಳಿ ಬಗ್ಗೆ ಕೇಳೇ ಕೇಳ್ತಾರ. ಲಕ್ಷ್ಯಕ್ಕ ಬರಲಿಲ್ರಿ, ತಪ್ಪಾತು ಅಂದಬಿಡು. ವಾದಾ ಹಾಕಬ್ಯಾಡ."

ಹೊರಗಿನಿಂದ ಬಂದ ಪರೀಕ್ಷಕರು ಸಿನಿಮಾ ಪೂರ್ತಿ ನೋಡಿದರು. ರಾಕೆಟ್ ಚೆನ್ನಾಗಿದೆ ಎಂದರು, ಬೆಟ್ಟ ಎಲ್ಲಿಯದು ಎಂದು ಕೇಳಿದರು. ಕೈಯ ದೃಶ್ಯಕ್ಕೆ ಬಂದಾಗ ತಡೆದರು. "ಎಲ್ಲಾ ಛಲೋ ಮಾಡೀರಿ. ಇಲ್ಲಿ ಎಡವೀರಿ. ಮಂಗಳನ ಮ್ಯಾಲ ಹೋದ ವಿಜ್ಞಾನಿ ಕೈಯಾಗ ಹಸರ ಬಳಿ? ನೋಡಾವ್ರು ನಂಬಬೇಕಲ್ಲ. ಲಕ್ಷ್ಯಕ್ಕ ಬರಲಿಲ್ಲೇನ?"

"ಬಂದೈತ್ರಿ ಸರ್," ಅಂದೆ. "ಲಕ್ಷ್ಯಕ್ಕ ಬಂದಮ್ಯಾಲೆನ ಇಟ್ಟೀವಿ. ಒಂದೊಂದ ಬಳಿ ಕೈಲೆ ತಿದ್ದಿ ಇಟ್ಟೀವ್ರಿ."

ನಮ್ಮ ಸರ್ ಹಣೆ ಒತ್ತಿಕೊಂಡರು. ಪರೀಕ್ಷಕರು ಬಾಗಿಲ ಹತ್ತಿರ ನಿಂತಿದ್ದ ವೈನಿಯ ಕಡೆ ತಿರುಗಿ, "ನೀವ ಹೇಳ್ರಿ, ವಿಜ್ಞಾನಿ ಹಿಂಗ ಇರ್ತಾರೇನ್ರಿ?" ಎಂದು ನಗುತ್ತ ಕೇಳಿದರು.

ವೈನಿ ನಗಲಿಲ್ಲ. "ಔಷಧದ ಬ್ಲೋವರ್ ರಾಕೆಟ್ ಅಂದ್ರ ನಂಬಿದ್ರಿ. ಗರಸಿನ ಖಣಿ ಮಂಗಳ ಅಂದ್ರ ನಂಬಿದ್ರಿ. ರಾಜಗಿರಿ ಪಲ್ಲೆ ಅಲ್ಲಿ ಬೆಳೀತು ಅಂದ್ರ ಅದನ್ನೂ ನಂಬಿದ್ರಿ. ಬಳಿ ಹಾಕ್ಕೊಂಡಾಕಿ ವಿಜ್ಞಾನಿ ಅಂದ್ರ ಮಾತ್ರ ನಂಬಾಕ ಆಗಲಿಲ್ಲೇನ್ರಿ ಸರ್?"

ಪರೀಕ್ಷಕರ ನಗು ನಿಂತಿತು. ಈ ಸಲ ಮರ್ಯಾದೆಯಿಂದಲೇ, "ನೀವ ಏನ ಓದೀರಿ?" ಎಂದು ಕೇಳಿದರು.

"ಬಿಎಸ್ಸಿ ರಿ. ಸಸ್ಯಶಾಸ್ತ್ರ. ಫಸ್ಟ್ ಕ್ಲಾಸ್, ಕಾಲೇಜಿಗೆ ಎರಡನೇದಾಕಿ."

ಅವರು ಏನೋ ಬರೆದುಕೊಂಡರು. ಬಳೆಗೆಂದು ಅಂಕ ಕಡಿದರು, ಆಮೇಲೆ ಸರ್ ಹೇಳಿದರು. ಕಡಿಯಲಿ ಬಿಡಿ. ಕಾಲೇಜಿನಲ್ಲಿ ಈಗಲೂ ಪ್ರತಿ ವರ್ಷ ಹೊಸ ಹುಡುಗರಿಗೆ ನಮ್ಮ ಸಿನಿಮಾದ ಆ ಚಿತ್ರ ತೋರಿಸಿ ಇಂಥ ತಪ್ಪು ಮಾಡಬೇಡಿ ಎನ್ನುತ್ತಾರಂತೆ. ತೋರಿಸಲಿ. ಅಷ್ಟು ಜನ ವೈನಿಯ ಕೈ ನೋಡುತ್ತಾರಲ್ಲ, ನನಗೆ ಅದೇ ಬೇಕು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು. ನಾನು ಗೆದ್ದ ಉಮೇದಿಯಲ್ಲಿ ಕಾಗವಾಡದವರೆಗೂ ಒಂದೇ ಸಮ ಮಾತಾಡಿದೆ. ಪರೀಕ್ಷಕರ ಮುಖ ಹೇಗಾಯಿತು, ಸರ್ ಹೇಗೆ ಬೆವೆತರು. ಕಾಗವಾಡ ದಾಟಿದ ಮೇಲೆ ಅವ್ವ ವೈನಿಯ ಕಡೆ ತಿರುಗಿದಳು.

"ಫಸ್ಟ್ ಕ್ಲಾಸ್ ಆಗಿತ್ತೇನ ನಿಂದ?"

"ಹೌದ್ರಿ."

"ರಿಜಲ್ಟ್ ಯಾವಾಗ ಬಂದಿತ್ತ?"

"ಮದುವಿ ಆಗಿ ಎರಡ ತಿಂಗಳಿಗ್ರಿ. ಇಲ್ಲೇ ಇದ್ದೆ. ಮೊಬೈಲಿನ್ಯಾಗ ನೋಡಿದೆ."

"ಮತ್ತ ಹೇಳಬಾರದೇನವಾ ನಮಗ?"

"ಅವತ್ತ ಶೆಡ್ಡಿನ್ಯಾಗ ಎಲ್ಲಾರೂ ಕಡ್ಡಿ ಆರಸಾಕತ್ತಿದ್ವಿ, ಅತ್ತಿ. ಯಾರರ ಕೇಳ್ತಾರೇನ ಅಂತ ಸಂಜೀತನಕ ನೋಡಿದೆ. ಯಾರೂ ಕೇಳಲಿಲ್ರಿ."

ಅವ್ವ ಕಿಟಕಿಯ ಕಡೆ ಮುಖ ಮಾಡಿದಳು. ಅವತ್ತು ಶೆಡ್ಡಿನಲ್ಲಿ ವೈನಿಯ ಮಗ್ಗುಲಿಗೇ ಕುಳಿತು ಕಡ್ಡಿ ಆರಿಸುತ್ತಿದ್ದವಳು ನಾನು.